ಬಾಯಿ ಮುಚ್ಚದ ರೇಡಿಯೊ

ಮಾರ್ಚ್ ೧೪

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದಗಳು. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಬೇಸರವಿಲ್ಲ. ನಿನ್ನ ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ. ನಮ್ಮ ಕಾರ್ಖಾನೆಯ ಮಹಾನುಭಾವರ ಬುದ್ಧಿ ಮಾತ್ರ ಇದ್ದಲ್ಲೇ ಇದೆ.

ಲೋಹ ಆರಿಸುವ ಸಭೆಯಲ್ಲಿ ಎದುರು ಮಾತಾಡಿದೆಯೆಂದು ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಆ ಕೋಣೆಯನ್ನು ಕಟ್ಟಿ ಮುಗಿಸಿದರು. ಎಂಥ ವಿದ್ಯುತ್ಕಾಂತೀಯ ಹೊಡೆತ ಬಂದರೂ ಒಳಗಿಟ್ಟ ಉಸಿರಾಟದ ಯಂತ್ರಗಳು ಸುಡಬಾರದೆಂದು ಆಸ್ಪತ್ರೆಯವರು ಮಾಡಿಸಿದ ಅದೇ ಕೋಣೆ. ಉಕ್ಕಿನ ಹಾಳೆಗಳನ್ನು ಬೆಸೆಯಿರಿ, ಬಾಗಿಲ ಅಂಚಿಗೆ ತಾಮ್ರದ ಪಟ್ಟಿ ಕೂರಿಸಿ, ಲೋಹಕ್ಕೆ ಲೋಹ ಬರಿಮೈಯಲ್ಲಿ ತಾಗಲಿ ಎಂದಿದ್ದೆ ನೀನು. ನಮ್ಮ ಮುಖ್ಯಸ್ಥರಿಗೆ, ನೀನೇ ಹೆಸರಿಟ್ಟ ಪಾಲಿಶ್ ಸಾಹೇಬರಿಗೆ, ಅಲ್ಯೂಮಿನಿಯಂ ಬೇಕಿತ್ತು. ಹಗುರ, ಹೊಳಪು, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದಲ್ಲ! ಅದೂ ಸಾಲದೆಂದು ಪರೀಕ್ಷೆಯ ಹಿಂದಿನ ದಿನ ಬಾಗಿಲ ಅಂಚಿಗೂ ಚೌಕಟ್ಟಿಗೂ ನೀಲಿ ಬಣ್ಣ ಬಳಿಸಿದರು. ನಡುವೆ ಬಣ್ಣ ಕೂತರೆ ಲೋಹ ಲೋಹಕ್ಕೆ ತಾಗುವುದಿಲ್ಲ, ಆ ಸಂದಿಯಲ್ಲೇ ಅಲೆಗಳು ನುಗ್ಗುತ್ತವೆ ಎಂದು ತಿಳಿಯಲು ಚೂರು ಬುದ್ಧಿ ಸಾಕು. ಆ ಚೂರೂ ಅವರ ದಾಸ್ತಾನಿನಲ್ಲಿಲ್ಲ.

ನಿನ್ನೆ ಪರೀಕ್ಷೆ. ಹಾಡುತ್ತಿದ್ದ ರೇಡಿಯೊದ ಜೊತೆ ನನ್ನನ್ನೂ ಒಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗಿನ ಅಲೆ ಒಳಗೆ ಬಾರದಿದ್ದರೆ ರೇಡಿಯೊ ತೆಪ್ಪಗಾಗಬೇಕಿತ್ತು. ಅದು ಹವಾಮಾನ ವರದಿಯನ್ನು ಒಂದಕ್ಷರ ಬಿಡದೆ ಓದಿತು. ಹೊರಗೆ ಬಂದು ಹೇಳಿದರೆ ಪಾಲಿಶ್ ಸಾಹೇಬರು, "ಗೋಡೆ ಸರಿಯಾಗೇ ಇದೆ ಕಣ್ರೀ, ರೇಡಿಯೋನೇ ಕೆಟ್ಟಿರ್ಬೇಕು. ಬೇರೆ ತನ್ನಿ" ಎಂದರು! ಬೇರೆ ತಂದರು. ಅದು ಇನ್ನೂ ಜೋರಾಗಿ ಹಾಡಿತು.

ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರಮ್ಮ ನಗಲಿಲ್ಲ. "ನಾವು ಬಣ್ಣ ನೋಡೋಕೆ ಬಂದಿಲ್ಲ. ಆ ಯಂತ್ರ ಸುಟ್ಟುಹೋದ್ರೆ ನಮ್ಮ ರೋಗಿಗಳಿಗೆ ಉಸಿರಿಲ್ಲ. ಉಕ್ಕು ಹಾಕಿ ಅಂದಿದ್ರಲ್ಲ, ಅವರನ್ನ ಕರೆಸಿ" ಎಂದರು. ಸಾಹೇಬರು ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ನಿಮ್ ತಂಗಿಗೆ ಒಂದು ಕಾಗದ ಹಾಕ್ರಿ. ಹಳೇದೆಲ್ಲ ಮರೆತು ಬರ್ಲಿ" ಎಂದರು. ಮರೆಯಬೇಕಾದವಳು ನೀನಂತೆ! ನಿನ್ನ ಮಾತು ತಳ್ಳಿಹಾಕಲು ಕೈ ಎತ್ತಿದ ಆ ಏಳು ಜನಕ್ಕೆ ನಾಚಿಕೆ ಎಂಬುದು ಇದ್ದರಲ್ಲವೆ?

ಬರುವುದೂ ಬಿಡುವುದೂ ನಿನ್ನಿಷ್ಟ. ಬಂದರೆ ಮೊದಲು ಆ ನೀಲಿ ಬಣ್ಣವನ್ನು ಸಾಹೇಬರ ಕೈಯಲ್ಲೇ ಕೆರೆಸು. ಮಗುವಿಗೆ ಮುತ್ತು. ನಿನ್ನ ಕೈಗೆ ಸೋಲು ಬಾರದಿರಲಿ, ತಣ್ಣಗಿರು.

ಇಂತಿ,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದೇನಲ್ಲ. ನಿನಗೆ ಉತ್ತರ ಬರೆಯಲಾಗದೆ ತಪ್ಪಿಸಿಕೊಂಡದ್ದು ಇದಕ್ಕೇ. ಅಂದು ನಿನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ ಮತ ಕೇಳಿದಾಗ ನಾನೊಬ್ಬ ಮಾತ್ರ ಕೈ ಎತ್ತಲಿಲ್ಲ ಎಂದು ಆಮೇಲೆ ನಿನಗೆ ಹೇಳಿದ್ದೆ. ನೀನು ನಂಬಿ, ನನ್ನ ಭುಜಕ್ಕೆ ತಲೆಯಿಟ್ಟು ಅತ್ತಿದ್ದೆ. ಏಳನೆಯ ಕೈ ನನ್ನದು, ಪುಟ್ಟಿ.