ಎಂಬತ್ತು ಅಂಕದ ಹಾಳೆಗಳು

ಯೊಕೊತೆ
ಡಿಸೆಂಬರ್ 7, ಭಾನುವಾರ

ಶಿಹೊಗೆ ನಿನ್ನ ತಾಯಿಯ ಆಶೀರ್ವಾದ.

ಕಾಗದದ ಮೊದಲಿಗೆ ಹವೆಯ ಮಾತು ಬರೆಯಬೇಕೆಂದು ನಿನಗೆ ಕಲಿಸಿದವಳು ನಾನೇ. ಮೊನ್ನೆ ಮೊದಲ ಹಿಮ ಬಿತ್ತು. ಸೋಯಾ ಕಾಳು ಹುದುಗುವ ಮಿಸೊ ಉಗ್ರಾಣದ ಮಾಡಿನ ಮೇಲೆ ನಾಲ್ಕು ಬೆರಳು ನಿಂತಿದೆ. ಅಷ್ಟು ಸಾಕು. ಈ ಕಾಗದವನ್ನು ಕೂತು ಓದು. ಆಸ್ಪತ್ರೆಯಲ್ಲಿ, ಇಬ್ಬರು ರೋಗಿಗಳ ನಡುವೆ ನಿಂತು ಓದಬೇಡ.

ಸೆಪ್ಟೆಂಬರಿನಲ್ಲಿ ನೀನು ನಿನ್ನ ಮಗಳ ವಿಷಯ ಒಂದು ಮಾತು ಕೇಳಿದ್ದೆ. ನಜುನಾ ಎಲ್ಲ ಮಕ್ಕಳಂತಲ್ಲ ಅನ್ನಿಸುತ್ತದೆ, ಇಲ್ಲಿ ಸೆಂದಾಯಿಯಲ್ಲಿ ಒಬ್ಬ ಪ್ರಾಧ್ಯಾಪಕರು ಅಂಥ ಮಕ್ಕಳಿಗೆಂದೇ ಶನಿವಾರ ಗಣಿತದ ತರಗತಿ ನಡೆಸುತ್ತಾರೆ, ಅವಳನ್ನು ಕರೆಸಿಕೊಂಡು ಅಲ್ಲಿಗೆ ಸೇರಿಸಲೇ, ಇಲ್ಲ ಊರಿನ ಶಾಲೆಯಲ್ಲೇ ಓರಗೆಯವರ ಜೊತೆ ಬೆಳೆಯಲೆಂದು ಬಿಡಲೇ ಎಂದು. ನಾನು ಒಂದು ಸಾಲೂ ಬರೆಯಲಿಲ್ಲ. ಅವಳ ಲೆಕ್ಕದ ಪರೀಕ್ಷೆಯ ಹಾಳೆಗಳನ್ನು ಲಕೋಟೆಗೆ ಹಾಕಿ ಕಳಿಸಿದೆ. ಎಲ್ಲದರಲ್ಲೂ ನೂರಕ್ಕೆ ಎಂಬತ್ತು. ಅಂಚೆಚೀಟಿ ಅಂಟಿಸಿದ್ದು ನಜುನಾಳೇ. ನೀನು ಅವನ್ನು ನೋಡಿ, ಹೆತ್ತ ಕಣ್ಣಿಗೆ ಹೆಚ್ಚಾಗಿ ಕಂಡಿರಬೇಕು, ಹಾಗಿದ್ದರೆ ಅಲ್ಲೇ ಇರಲಿ ಎಂದು ಬರೆದೆ.

ಆ ಎಂಬತ್ತು ಸುಳ್ಳು. ಮಾಡಿಸಿದವಳು ನಾನು.

ಮೇ ತಿಂಗಳಲ್ಲಿ ಅವಳ ಮೇಷ್ಟ್ರು ಹತಾಕೆದಾ ನಮ್ಮ ಮನೆಗೆ ಭೇಟಿಗೆಂದು ಬಂದಿದ್ದರು. ಹುಡುಗು ವಯಸ್ಸಿನವರು, ಗಂಟಲು ದೊಡ್ಡದು. "ನಾನು ಬೋರ್ಡಲ್ಲಿ ಲೆಕ್ಕ ಬರೆದು ಮುಗಿಸೋದ್ರೊಳಗೆ ಇವಳು ಉತ್ತರ ಹೇಳಿ ಕಿಟಕಿ ಕಡೆ ನೋಡ್ತಿರ್ತಾಳೆ, ಇಂಥ ಮಗೂನ ನಾನು ನೋಡೇ ಇಲ್ಲ" ಎಂದರು. ಮನೆಮುಂದಿನ ಅಂಗಡಿಯಲ್ಲಿ ಮಿಸೊ ಕೊಳ್ಳಲು ನಿಂತಿದ್ದ ಮೂವರು ಹೆಂಗಸರು ತಲೆಯೆತ್ತಿ ನೋಡಿದರು. ಎಲ್ಲರೂ ಹೋದ ಮೇಲೆ ನಾನು ಮಗುವನ್ನು ಎದುರಿಗೆ ಕೂರಿಸಿಕೊಂಡೆ.

"ಹತ್ತು ಲೆಕ್ಕ ಕೊಟ್ರೆ ಎಂಟು ಸರಿ ಮಾಡು. ಎರಡು ತಪ್ಪು ಮಾಡು" ಎಂದೆ.

"ಯಾವ ಎರಡು, ಅಜ್ಜಿ?"

"ನಿನ್ನಿಷ್ಟ."

"ಉತ್ತರ ಎಷ್ಟು ಹೆಚ್ಚುಕಮ್ಮಿ ಇರ್ಬೇಕು?"

"ಅದೂ ನಿನ್ನಿಷ್ಟ. ತಲೆ ತಿನ್ಬೇಡ."

ಅಂದಿನಿಂದ ಅವಳು ಒಂದು ವಾರವೂ ತಪ್ಪಿಸದೆ ಎಂಬತ್ತು ತಂದಳು. ಪ್ರತಿ ಶುಕ್ರವಾರ ಆ ಹಾಳೆಯನ್ನು ನಿನ್ನ ತಂದೆಯ ಪಟದ ಮುಂದಿಟ್ಟು ಕೈಮುಗಿಸಿ, ಆಮೇಲೆ ಪೂಜೆಪೆಟ್ಟಿಗೆಯ ಕೆಳಗಿನ ಸೆಳೆಖಾನೆಗೆ ಹಾಕುತ್ತಿದ್ದೆ. ಒಂದೇ ಒಂದು ಸಲ, ನವೆಂಬರ್ 14ರಂದು, ನೂರು ತಂದಳು. ನಾನು ಆ ಹಾಳೆಯನ್ನು ಪಟದ ಮುಂದಿಡದೆ ನೇರ ಸೆಳೆಖಾನೆಗೆ ಹಾಕಿದೆ. "ಹೇಳಿದ ಮಾತು ಇಷ್ಟು ಬೇಗ ಮರೆತ್ಯಾ?" ಎಂದು ಗದರಿದೆ. ಅವಳು ಕಾಲುಚೀಲ ಬಿಚ್ಚಿ ಮಡಿಸಿಟ್ಟು ಒಳಗೆ ಹೋದಳು.

ಏಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನಿನ್ನ ಮಾವ ಕಿಸಾಬುರೊ ನಿನಗೆ ನೆನಪಿರಬೇಕು, ನನ್ನ ತಮ್ಮ. ಹಿಂದಿನ ಕೋಣೆಯಲ್ಲಿದ್ದು, ಯಾರೂ ಇಲ್ಲದ ಹೊತ್ತು ನೋಡಿ ಪೀಪಾಯಿ ತೊಳೆಯುತ್ತಿದ್ದವನು. ಅವನು ಹುಟ್ಟಿನಿಂದಲೇ ಹಾಗೆ ಎಂದು ನಿನಗೆ ಹೇಳಿದ್ದೆ. ಅದೂ ನಿಜವಲ್ಲ. ಏಳನೇ ವಯಸ್ಸಿಗೆ ಅವನು ಯಾವ ತಾರೀಖು ಕೊಟ್ಟರೂ ವಾರ ಹೇಳುತ್ತಿದ್ದ. ನನ್ನಪ್ಪ ಅವನನ್ನು ಬೋರಲು ಪೀಪಾಯಿಯ ಮೇಲೆ ನಿಲ್ಲಿಸಿ ಗಿರಾಕಿಗಳಿಂದ ತಾರೀಖು ಕೇಳಿಸುತ್ತಿದ್ದರು. ಊರೆಲ್ಲ ಕೊಂಡಾಡಿತು. ಹದಿನೈದಕ್ಕೆ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಸೋತ. ಅದೇ ಊರು ನಕ್ಕಿತು. ಅವನು ಕೋಣೆ ಸೇರಿದ. ಮೂವತ್ತೊಂದು ವರ್ಷ ಅವನ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟವಳು ನಾನು. ನಜುನಾ ಆ ಪೀಪಾಯಿ ಹತ್ತಬಾರದೆಂದು ಹೀಗೆ ಮಾಡಿದೆ.

ಇಲ್ಲಿಗೆ ಕಾಗದ ಮುಗಿಸಿದ್ದರೆ ನಾನು ನಿನ್ನ ಕಣ್ಣಿಗೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಆದರೆ ಇದು ಅರ್ಧ.

ಮೊನ್ನೆ ಶುಕ್ರವಾರ ಮೇಷ್ಟ್ರು ಅವಳನ್ನು ಬೋರ್ಡಿಗೆ ಕರೆದರಂತೆ. ಉತ್ತರ ಸರಿಯಾಗಿ ಬರೆದು, ಸೀಮೆಸುಣ್ಣ ಹಿಡಿದುಕೊಂಡೇ, "ಸಾರ್, ಈಗ ತಪ್ಪು ಉತ್ತರಾನೂ ಬರೀಲಾ?" ಎಂದು ಕೇಳಿದಳಂತೆ. ಮಕ್ಕಳೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ನಿನ್ನೆ ಅಂಗಡಿಗೆ ಬಂದು, ಈ ಸಲ ಗಂಟಲು ತಗ್ಗಿಸಿ, "ಯಜಮಾನಿಯವರೇ, ತಪ್ಪು ಮಾಡೋಕೆ ಮನೇಲಿ ಯಾರಾದ್ರೂ ಹೇಳ್ಕೊಟ್ಟಿದಾರಾ?" ಎಂದರು. ನಾನು ತಲೆ ತಗ್ಗಿಸಿದೆ. ಈ ಅಂಗಡಿಯಲ್ಲಿ ಕೂತ ನಲವತ್ತು ವರ್ಷದಲ್ಲಿ ಗಿರಾಕಿಗೆ ನಮಸ್ಕರಿಸಲು ಬಿಟ್ಟರೆ ನಾನು ತಲೆ ತಗ್ಗಿಸಿದ್ದು ಅದೇ ಮೊದಲು.

ಕೆಲಸದ ಒಕಿಮಿ ಅಲ್ಲೇ ಪೀಪಾಯಿಯ ಮುಚ್ಚಳದ ಮೇಲೆ ಕಲ್ಲು ಪೇರಿಸುತ್ತಿದ್ದಳು. ಅವಳ ಬಾಯಿ ನಿನಗೆ ಗೊತ್ತು. ಮೇಷ್ಟ್ರು ಅತ್ತ ಹೋದದ್ದೇ, "ಯಜಮಾನಿ, ಮಗೂನೂ ಮಿಸೊ ಅಂದ್ಕೊಂಡ್ರಾ? ಮುಚ್ಚಿ ಕಲ್ಲು ಹೇರಿದ್ರೆ ಮನೇಲೇ ಮಾಗತ್ತೆ ಅಂತ?" ಎಂದಳು.

ಅವಳು ಹೇಳಿದ 'ಮನೇಲೇ' ಎಂಬ ಮಾತೇ ಉಳಿದರ್ಧ. ಮಗು ಬುದ್ಧಿವಂತೆ ಎಂದು ತಿಳಿದರೆ ನೀನು ಬಂದು ಕರೆದುಕೊಂಡು ಹೋಗುತ್ತೀಯ. ಸಾಧಾರಣದವಳು ಎಂದು ತಿಳಿದರೆ ಇಲ್ಲೇ ಬಿಡುತ್ತೀಯ. ನೀನು ಈ ಮನೆಯ ಕೆಲಸ ಬೇಡವೆಂದು ಹೋದವಳು. ನನ್ನ ನಂತರ ಈ ಪೀಪಾಯಿಗಳ ಮುಂದೆ ನಿಲ್ಲಲು ಒಬ್ಬಳು ಬೇಕಾಗಿತ್ತು. ಅವಳು ಏಳು ವರ್ಷಕ್ಕೇ ಮಿಸೊ ಮೂಸಿ, ಯಾವ ವರ್ಷದ್ದೆಂದು ಹೇಳುತ್ತಾಳೆ, ಶಿಹೊ. ನನ್ನ ತಮ್ಮನ ಹೆಸರು ಹೇಳಿಕೊಂಡು ನಾನು ನನ್ನ ಮನೆಯನ್ನು ಕಾಯುತ್ತಿದ್ದೆ. ಸತ್ತವನನ್ನು ಹೀಗೆ ಅಡ್ಡ ಹಿಡಿದದ್ದಕ್ಕೆ ಇವತ್ತು ಅವನ ಪಟದ ಮುಂದೆಯೂ ಧೂಪ ಹಚ್ಚಿ ಕೂತೆ.

ಇನ್ನೂ ಒಂದಿದೆ. ನಜುನಾಳ ಏಳು ವರ್ಷದ ಹಬ್ಬಕ್ಕೆ ಬರುತ್ತೇನೆ, ನವೆಂಬರ್ 14ರ ಶುಕ್ರವಾರ ಸಂಜೆಗೆ ಮನೆಯಲ್ಲಿರುತ್ತೇನೆ ಎಂದು ನೀನು ಅಕ್ಟೋಬರಿನಲ್ಲಿ ಅವಳಿಗೇ ಫೋನಿನಲ್ಲಿ ಹೇಳಿದ್ದೆ. ಹಿಂದಿನ ದಿನ ನೀನು ನನಗೆ ಫೋನ್ ಮಾಡಿ, ವಾರ್ಡಿನಲ್ಲಿ ಕೆಲಸಕ್ಕೆ ಜನ ಕಡಿಮೆ, ರಜೆ ಸಿಕ್ಕಿಲ್ಲ, ಆದರೂ ಮಗು ಕಾಯುತ್ತಿದ್ದರೆ ಮತ್ತೊಮ್ಮೆ ರಜೆ ಕೇಳುತ್ತೇನೆ ಎಂದೆ. "ಏನೂ ಕಾಯ್ತಿಲ್ಲ, ನಿನ್ನ ಹೆಸರೇ ಎತ್ತಿಲ್ಲ" ಎಂದೆ ನಾನು. ಅವಳು ಹೆಸರೆತ್ತಿರಲಿಲ್ಲ ಎಂಬುದು ನಿಜ. ಆದ್ದರಿಂದ ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಬರುವುದಿಲ್ಲ ಎಂದು ಅವಳಿಗೆ ಹೇಳಿದ್ದು ಮಾತ್ರ ಮರುದಿನ, ನೂರರ ಹಾಳೆಗೆ ಗದರಿದ ಮೇಲೆ. ಹಬ್ಬದ ದಿನ ನಿನ್ನ ಹಳೆಯ ಕಿಮೊನೊ ಉಡಿಸಿ ನಾನೇ ಗುಡಿಗೆ ಕರೆದುಕೊಂಡು ಹೋದೆ. ಫೋಟೋದಲ್ಲಿ ಅವಳು ನಗದೇ ಇರುವುದಕ್ಕೆ ಸೊಂಟಪಟ್ಟಿ ಬಿಗಿಯಾದದ್ದು ಕಾರಣ ಎಂದು ಬರೆದಿದ್ದೆನಲ್ಲ, ಪಟ್ಟಿ ಸಡಿಲವಾಗಿಯೇ ಇತ್ತು.

ಅವಳನ್ನು ಹೇಗೆ ಓದಿಸಬೇಕೆಂದು ಹೇಳುವ ಬಾಯಿ ನನಗೆ ಉಳಿದಿಲ್ಲ. ಹೈಸ್ಕೂಲಿನ ಆಚೆ ನಾನು ಕಂಡವಳೂ ಅಲ್ಲ. ಆ ಶನಿವಾರದ ತರಗತಿ ಒಳ್ಳೆಯದೋ ಕೆಟ್ಟದ್ದೋ, ನೀನೇ ಹೋಗಿ, ಕೂತು, ನೋಡಿ ತೀರ್ಮಾನಿಸು. ಅಲ್ಲಿ ಮಕ್ಕಳನ್ನು ಬಂದವರ ಮುಂದೆ ನಿಲ್ಲಿಸಿ ಕೇಳುವವರಿದ್ದರೆ ಕೈಹಿಡಿದು ಹೊರಗೆ ಕರೆತಾ. ನನ್ನಪ್ಪ ಪೀಪಾಯಿಯ ಮೇಲೆ ನಿಲ್ಲಿಸಿದರು, ನಾನು ಪೀಪಾಯಿಯ ಒಳಗೆ ಹಾಕಿದೆ. ಎರಡೂ ಬೇಡ. ನೆಲದ ಮೇಲೆ ನಡೆಯುವ ಮಗುವಿನಂತೆ ಅವಳನ್ನು ಬೆಳೆಸು. ಅರ್ಜಿಗೆ ಇದೇ 20ರವರೆಗೆ ಸಮಯವಿದೆ ಎಂದು ನೀನೇ ಬರೆದಿದ್ದೆ. ಅಷ್ಟರೊಳಗೆ ಬಂದು ಅವಳನ್ನು ಕರೆದುಕೊಂಡು ಹೋಗು. ನಾನು ತಡೆಯುವುದಿಲ್ಲ. ಅವಳ ಚಳಿಗಾಲದ ಬಟ್ಟೆ ಮಡಿಸಿಟ್ಟಿದ್ದೇನೆ.

ಕ್ಷಮಿಸು ಎಂದು ಬರೆದು ಅಭ್ಯಾಸವಿಲ್ಲ. ಬರೆದಿದ್ದೇನೆ ಎಂದು ತಿಳಿದುಕೊ.

ನಿನ್ನ ತಾಯಿ,
ತೊಮಿಎ

ತಾ.ಕ.: ಸೋಮವಾರ ಬೆಳಿಗ್ಗೆ. ಸಾಕ್ಷಿಗೆ ಇರಲೆಂದು ಸೆಳೆಖಾನೆಯ ಹಾಳೆಗಳನ್ನು ಲಕೋಟೆಗೆ ಹಾಕಲು ತೆಗೆದೆ. ಹಾಕುವ ಮೊದಲು ತಪ್ಪುಗಳನ್ನು ಒಮ್ಮೆ ಮಣಿಚೌಕಟ್ಟಿನಲ್ಲಿ ಕೂಡಿ ನೋಡಿದೆ. ಅಕ್ಟೋಬರ್ 17ರ ಹಾಳೆಯಲ್ಲಿ 36ಕ್ಕೆ 47 ಸೇರಿಸಿ 111 ಎಂದು ಬರೆದಿದ್ದಾಳೆ. ಸರಿಯುತ್ತರಕ್ಕಿಂತ 28 ಹೆಚ್ಚು. ಅದೇ ಹಾಳೆಯ ಇನ್ನೊಂದು ತಪ್ಪೂ 28 ಹೆಚ್ಚು. ಮುಂದಿನ ವಾರದ ಎರಡೂ ತಪ್ಪು 21 ಹೆಚ್ಚು, ಆಮೇಲೆ 14, ಆಮೇಲೆ 7. ಏಳು ತುಂಬಿತೆಂದು ಏಳರ ಮಗ್ಗಿಯಲ್ಲಿ ಆಡಿದ್ದಾಳೆ ಅಂದುಕೊಂಡೆ. ಆಮೇಲೆ ತಾರೀಖು ನೋಡಿದೆ. ನೀನು ಬರಲು ಎಷ್ಟು ದಿನ ಉಳಿದಿತ್ತೋ ಅಷ್ಟು ತಪ್ಪು. ನವೆಂಬರ್ 14ರಂದು ಉಳಿದದ್ದು ಸೊನ್ನೆ, ಅದಕ್ಕೇ ನೂರು. ಆಮೇಲಿನ ವಾರಗಳಲ್ಲಿ 7 ಕಡಿಮೆ, 14 ಕಡಿಮೆ, ಮೊನ್ನೆ ಶುಕ್ರವಾರ 21 ಕಡಿಮೆ.

ಶಾಲೆಗೆ ಹೊರಟಿದ್ದವಳನ್ನು ನಿಲ್ಲಿಸಿ, "ಇನ್ಮೇಲೆ ಎಲ್ಲಾನೂ ಸರಿಯಾಗೇ ಬರಿ" ಎಂದೆ. ಬ್ಯಾಗಿನ ಪಟ್ಟಿ ಹಿಡಿದುಕೊಂಡು, "ಹಾಗಾದ್ರೆ ಅಮ್ಮಂಗೆ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದಳು. ಸೆಪ್ಟೆಂಬರಿನಂತೆಯೇ ಪ್ರತಿ ವಾರದ ಹಾಳೆಯೂ ನಿನಗೆ ಬರುತ್ತಿದೆ ಎಂದುಕೊಂಡಿದ್ದಳು.

ಅಕ್ಟೋಬರ್ 17ರಿಂದ ಈಚಿನ ಎಂಟು ಹಾಳೆಗಳೂ ಇದರ ಜೊತೆಗಿವೆ. ನಿನ್ನನ್ನು ಮುಟ್ಟುವುದು ತಡವಾಗಿದೆ. ಅಂಚೆಯವರ ತಪ್ಪಲ್ಲ.