ಬಾಯಿ ತೆರೆದು ಕೂತವರು

ಕುಕನೂರು
೧೪ ಜುಲೈ ೨೦೨೫

ಗೆಳತಿ ಶಹನಾಜ್,

ಸಲಾಂ, ಶರಣು. ನೀನು ನನ್ನನ್ನು ನೋಡಿಕೊಂಡು ತಾವರಗೇರಾಕ್ಕೆ ಹೋದ ಮೇಲೆ ಎಷ್ಟೋ ಸಲ ಫೋನ್ ಮಾಡಿದೆಯಂತೆ. ಉತ್ತರಿಸಲಿಲ್ಲವೆಂದು ಸಿಟ್ಟಾಗಬೇಡ. ನೀನು ಬಂದಾಗ ಕೀಮೋದಿಂದ ಶುರುವಾಗಿದ್ದ ಬಾಯಿ ಹುಣ್ಣು ಆಮೇಲೆ ನಾಲಿಗೆ, ಗಲ್ಲ, ತುಟಿಯ ಒಳಗೆಲ್ಲ ಎದ್ದಿತು. ಉಗುಳು ನುಂಗಿದರೂ ಮೆಣಸಿನಕಾಯಿ ಅರೆದು ಹಚ್ಚಿದಂತೆ. ತಹಶೀಲ್ದಾರ ಕಚೇರಿ ಮುಂದೆ ಮೈಕಿಲ್ಲದೆ ಘೋಷಣೆ ಕೂಗಿದ ಈ ಕಳಕಮ್ಮ ನೀರು ಕೇಳಲೂ ಕೈಸನ್ನೆ ಮಾಡಬೇಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕೈಗೇನೂ ಹುಣ್ಣಾಗಿಲ್ಲ.

ನೋಡಲು ಬಂದವರೆಲ್ಲ "ಬಾಯಿ ಸಪ್ಪಗಾಗಿರ್ತೈತಿ, ತಿನ್ನವಾ" ಎಂದು ಕಡಕ್ ರೊಟ್ಟಿ, ಕೆಂಪು ಚಟ್ನಿ ತಂದಿಟ್ಟರು. ಬೇಡವೆಂದರೆ ಅವರಿಗೆ ಅವಮಾನ. ತಿಂದೆ. ರೊಟ್ಟಿ ಕೊಯ್ದಿತು, ಉಳಿದ ಕೆಲಸ ಚಟ್ನಿ ಮಾಡಿತು. ಅತ್ತೆ ವಿರೂಪಾಕ್ಷಮ್ಮ ಬೇರೆಯೇ ಕಾರಣ ಹುಡುಕಿದರು: "ತಹಶೀಲ್ದಾರಗ ಬೈದಿ, ಗೌಡಗ ಬೈದಿ. ಬೈದ ಬಾಯಿಗೆ ಹುಣ್ಣಾಗದ ಇರ್ತಾವೇನ? ಸಾಕು ಮಾಡು ಆ ಕೀಮೋ." ಬೈದರೆ ಹುಣ್ಣಾಗುವುದಾದರೆ ಕುಕನೂರಿನಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ. ಮೊದಲ ಉಪವಾಸ ಅತ್ತೆಯದೇ!

ಆಸ್ಪತ್ರೆಯಲ್ಲಿ ನರ್ಸ್ ಮುಬಾಶಿರಾ ಬ್ಯಾಟರಿ ಬಿಟ್ಟು ಬಾಯಿ ನೋಡಿದಳು. "ಔಷಧಿನೇ ಮೊದಲ ಕಾರಣ ಅಕ್ಕಾ. ಅದರ ಮ್ಯಾಲೆ ನಿಮ್ಮ ದವಡಿ ಹಲ್ಲು ಮುರದು ಚೂಪಾಗೈತಿ, ವಸಡಿನ್ಯಾಗ ಕೀವು, ಬಾಯಿ ಒಣಗೈತಿ, ಹೊಟ್ಟಿಗೂ ಸರಿಯಾಗಿ ಬಿದ್ದಿಲ್ಲ. ತಂಬಾಕ ಹಾಕ್ತೀರೇನ್ರಿ?" ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದನ್ನು ಬೆರಳಾಡಿಸಿ ತೋರಿಸಿದೆ. ಮದುವೆಯಾಗಿ ಬಂದಾಗ "ಹಲ್ಲು ಗಟ್ಟಿ ಆಗ್ತಾವ" ಎಂದು ಕಲಿಸಿದ್ದು ಇದೇ ಅತ್ತೆ. "ಇದನ್ನೆಲ್ಲ ಕೀಮೋ ಹಚ್ಚೂಕಿಂತ ಮೊದಲ ನೋಡಬೇಕಿತ್ತು" ಎಂದು ಮುಬಾಶಿರಾ ಮೆಲ್ಲಗೆ ಅಂದಳು.

ಮತ್ತೆ ಯಾಕೆ ನೋಡಲಿಲ್ಲ? ರಕ್ತ ನೋಡಿದರು, ತೂಕ ನೋಡಿದರು, ಆಧಾರ್ ಕಾರ್ಡನ್ನು ತಿರುವಿ ತಿರುವಿ ನೋಡಿದರು. ಬಡವರ ಬಾಯಿ ಮಾತ್ರ ಯಾರಿಗೂ ಕಾಣಲಿಲ್ಲ!

ಕೂಗಲು ಬಾಯಿಲ್ಲ. ಕೂರಲು ನೆಲವಿತ್ತು. ನನ್ನಂತೆಯೇ ಹುಣ್ಣಾದ ವಾರ್ಡಿನ ಹೆಂಗಸರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಇರಕಲ್ಲಗಡದ ಪಾರಮ್ಮ "ನಡೀರಿ, ಇದಕ್ಕಿಂತ ಇನ್ನೇನ ಉರದೀತು" ಎಂದು ಸೆರಗು ಸಿಕ್ಕಿಸಿದಳು. ದೊಡ್ಡ ಡಾಕ್ಟರ ಕೋಣೆಯ ಮುಂದೆ ಸಾಲಾಗಿ ಕೂತು ಬಾಯಿ ತೆರೆದೆವು. ಘೋಷಣೆಯಿಲ್ಲ, ಬ್ಯಾನರಿಲ್ಲ. ಬರೀ ತೆರೆದ ಬಾಯಿಗಳು.

"ಏನಿದು ನಾಟಕ?" ಎಂದರು ಡಾಕ್ಟರು.

ಪಾರಮ್ಮನ ಹುಣ್ಣು ಮಾಯುತ್ತ ಬಂದಿತ್ತು. ಅವಳೇ ಉತ್ತರ ಕೊಟ್ಟಳು: "ನಾಟಕ ಅಲ್ರೀ ಸಾಹೇಬ್ರ, ಬಾಯಿ. ಬಗ್ಗಿ ನೋಡ್ರಿ. ನೀವು ನೋಡೂಮಟ ನಾವು ಮುಚ್ಚಂಗಿಲ್ಲ."

ಮಧ್ಯಾಹ್ನಕ್ಕೆ ಹಲ್ಲಿನ ಡಾಕ್ಟರು ಬಂದರು. ನನ್ನ ಚೂಪು ಹಲ್ಲನ್ನು ಉಜ್ಜಿ ಮೊಂಡು ಮಾಡಿದರು. ಇನ್ನು ಮುಂದೆ ಬಾಯಿ ನೋಡದೆ ಹೊಸಬರಿಗೆ ಕೀಮೋ ಹಚ್ಚುವುದಿಲ್ಲವೆಂದು ದೊಡ್ಡ ಡಾಕ್ಟರು ಒಪ್ಪಿದರು. ಮರೆತರೆ ಮತ್ತೆ ಕೂರುತ್ತೇವೆ. ಹುಣ್ಣು ಮಾಯಲೆಂದು ನನ್ನ ಮುಂದಿನ ಕೀಮೋ ಸರದಿಯನ್ನು ಒಂದು ವಾರ ಮುಂದೆ ಹಾಕಿದ್ದಾರೆ. ಮುಂದೆ ಹೋಗಿದೆ, ನಿಂತಿಲ್ಲ! ಅತ್ತೆ ಬೇಡವೆಂದರೂ, ಗಂಡ ಬೈಕ್ ತೆಗೆಯದಿದ್ದರೂ ಬಸ್ಸು ಹಿಡಿದು ಹೋಗುತ್ತೇನೆ. ತಂಬಾಕಿನ ಡಬ್ಬಿ ತಿಪ್ಪೆ ಸೇರಿತು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸಿ ತಣ್ಣನೆಯ ಗಂಜಿ ಕುಡಿಯುತ್ತೇನೆ. ಬದುಕುವುದಕ್ಕೆ ಯಾರ ಅಪ್ಪಣೆಯೂ ನನಗೆ ಬೇಕಿಲ್ಲ.

ನಿನ್ನ ಮಗಳು ಶಮಾಗೆ ನನ್ನ ಆಶೀರ್ವಾದ. "ಹುಡುಗಿ ಬಾಯಿ ಜೋರು" ಎನ್ನುವವರಿಗೆ ಹೆದರಿ ಅವಳನ್ನು ಸುಮ್ಮನಾಗಿಸಬೇಡ. ಜೋರಾಗಿಯೇ ಬಾಳಲಿ.

ನಿನ್ನ
ಕಳಕಮ್ಮ

ತಾ.ಕ.: ನೀನು ಬಂದ ದಿನ ನಿನಗೆ ಚಹಾ ಕೊಡುತ್ತ ನಮ್ಮನೆಯವರು ಅಂದದ್ದು ನೆನಪಿದೆಯಾ? "ಅಂತೂ ದೇವರು ಈ ಬಾಯಿಗೆ ಕೀಲಿ ಹಾಕಿದ ನೋಡ್ರಿ. ಮನಿ ತಣ್ಣಗಾತು." ಎಲ್ಲರೂ ನಕ್ಕರು. ಅವರ ನಗು ನನಗೆ ಹೊಸದಲ್ಲ. ನೀನೂ ನಕ್ಕೆ, ಶಹನಾಜ್. ನನ್ನ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದವಳು, ನೀನೂ ನಕ್ಕೆ. ಹುಣ್ಣು ಮಾಯುತ್ತಿದೆ. ಬಾಯಿ ಬಂದ ದಿನ ನನ್ನ ಮೊದಲ ಜಗಳ ನಿನ್ನ ಜೊತೆಗೇ. ಬಾ, ಎದುರಿಗೆ ಕೂತು ಕೇಳು.