ಬದುಕಿರುವ ತಾತನಿಗೆ ಸುರಿಸಿದ ಕಣ್ಣೀರು

ಮೇ ೧೪, ಮಂಗಳವಾರ ರಾತ್ರಿ

ನೆರೆದ ಮಹಾಜನಗಳೇ, ಕಿವಿಗೊಡಿ. ನಾಳೆ ಮೆಡಿಕಲ್ ಕಾಲೇಜಿನ ಸಂದರ್ಶನ. ತಾನು ಯಾಕೆ ಡಾಕ್ಟರಾಗಬೇಕೆಂಬುದೇ ಈ ಮಹಾನಟನಿಗೆ ತಿಳಿಯದಾಗಿದೆ.

ಊಟವಾದ ಮೇಲೆ ನರ್ಸ್ ಆಗಿರುವ ನನ್ನ ಅಕ್ಕ ಪರೀಕ್ಷಕಿಯಂತೆ ಕೂತು ಅದೇ ಪ್ರಶ್ನೆ ಕೇಳಿದಳು. ಆಸ್ಪತ್ರೆಯಲ್ಲಿ ತಾತ ನನ್ನ ಕೈ ಹಿಡಿದೇ ಕೊನೆಯುಸಿರೆಳೆದದ್ದನ್ನು ಮನೆ ನಡುಗುವಂತೆ ಹೇಳಿದೆ. ಕಣ್ಣೀರು ಧಾರೆಯಾಗಿ ಇಳಿಯಿತು.

"ಅಳು ಚೆನ್ನಾಗಿತ್ತು ಕಣೋ," ಅಂದಳು. "ಆದ್ರೆ ತಾತ ಹುಷಾರಾಗಿ ಮನೆಗೆ ಬಂದ್ರಲ್ಲ? ಒಳಗೆ ಗೊರಕೆ ಕೇಳ್ತಿಲ್ವಾ?"

ಸಾವು ಸುಳ್ಳು, ಒಪ್ಪಿದೆ. ಆದರೆ ಕಣ್ಣೀರು ನಾನು ಕರೆದದ್ದಲ್ಲ, ತಾನಾಗಿ ಬಂತು. ಹಾಗಾದರೆ ಡಾಕ್ಟರಾಗುವ ಆಸೆ ನಿಜವೋ, ಅದೂ ಒಂದು ಪಾತ್ರವೋ? ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

ನಾಳೆ ಬೆಳಿಗ್ಗೆ, ಗಂಟಲು ಸರಿಮಾಡಿಕೊಳ್ಳುವ ಮುಂಚೆಯೇ, ಅಕ್ಕನನ್ನು ಎಬ್ಬಿಸಿ ಅದೇ ಪ್ರಶ್ನೆ ಮತ್ತೆ ಕೇಳು ಎನ್ನುತ್ತೇನೆ. ಬಾಯಿಗೆ ಮೊದಲು ಬಂದ ಮಾತನ್ನೇ ಸಂದರ್ಶನಕ್ಕೆ ಒಯ್ಯುತ್ತೇನೆ, ಅದು "ಗೊತ್ತಿಲ್ಲ" ಎಂದಾದರೂ ಸರಿ.